ದಬಾ ಕಣಿವೆಯ ಜಾಮೀನು

ನಮ್ಮ ಕಡೆ ಜಗಿದರೆ ಅಮಲೇರುವ ಖಾತ್ ಎಲೆ ಹೊತ್ತ ಗಾಡಿಯನ್ನು ಯಾರೂ ತಡೆಯುವುದಿಲ್ಲ. ಯುದ್ಧ ಶುರುವಾಗಿ ಏಳು ವರ್ಷವಾಯಿತು, ಸೇತುವೆ ಮುರಿದವು, ಶಾಲೆ ಮುರಿದವು, ಈ ನಿಯಮ ಮಾತ್ರ ಮುರಿದಿಲ್ಲ. ಬೆಳಗ್ಗೆ ಕೊಯ್ದ ಎಲೆ ಮಧ್ಯಾಹ್ನದೊಳಗೆ ಪೇಟೆ ಸೇರದಿದ್ದರೆ ಬಾಡುತ್ತದೆ. ಬಾಡಿದ ಎಲೆ ಜಗಿದವನು ಸರ್ಕಾರದ ಕಡೆಯವನಾಗಲಿ, ದಂಗೆಯ ಕಡೆಯವನಾಗಲಿ, ಮನೆಗೆ ಹೋಗಿ ಹೆಂಡತಿ ಮಕ್ಕಳ ಮೇಲೆ ಹಾರಾಡುವುದು ಒಂದೇ ರೀತಿ. ಆ ಕಾರಣಕ್ಕೇ ಇಪ್ಪತ್ತೆರಡು ವರ್ಷದಿಂದ ಎಲೆ ಸಾಗಿಸುತ್ತಿದ್ದ ಹಿಜಾಮ್, ಯುದ್ಧ ಬಂದ ಮೇಲೂ ಎರಡೂ ಕಡೆಯ ಬಂದೂಕುಗಳ ನಡುವೆ ತನ್ನ ಪಿಕಪ್ ಓಡಿಸಿಕೊಂಡು ಹೊಟ್ಟೆ ಹೊರೆದ. ಕಾವಲಿನವರಿಗೆಲ್ಲ ಅವನ ಗುರುತಿತ್ತು. ದೂರದಿಂದಲೇ ಕೈಯೆತ್ತಿ ಬಿಡುತ್ತಿದ್ದರು.

ಇದನ್ನು ನೋಡಿದ ಜನ ಅವನನ್ನು ಗುಂಡಿಗೆಯವನು ಎಂದುಕೊಂಡಿದ್ದರು. ಅವನಷ್ಟು ಪುಕ್ಕಲ ನಮ್ಮ ಸುಹೈಮ್ ಪೇಟೆಯಲ್ಲೇ ಇರಲಿಲ್ಲ. ಬೀದಿನಾಯಿ ಅಡ್ಡ ಬಂದರೆ ಹಾರ್ನ್ ಹೊಡೆಯದೆ ಕಾಯುವವನು. ಸೊಂಟದಲ್ಲಿ ಎಲ್ಲರಂತೆ ಬಾಕು ಕಟ್ಟುತ್ತಿದ್ದ, ಅದನ್ನು ಒರೆಯಿಂದ ತೆಗೆದದ್ದು ಮದುವೆಗಳ ಕುಣಿತದಲ್ಲಿ ಮಾತ್ರ.

ಅವನ ಭಯಕ್ಕೆ ಒಂದು ಬೇರೂ ಇತ್ತು. ಒಂಬತ್ತು ವರ್ಷದ ಹಿಂದೆ, ಬಾವಿಯ ನೀರಿನ ಸರದಿಯ ಜಗಳದಲ್ಲಿ, ಅವನ ತಂಗಿಯ ಗಂಡ ಕಾಯಿದ್, ಖುರೈಬ್ ಮನೆತನದ ನಾಜಿ ಎಂಬ ಹುಡುಗನನ್ನು ಗುಂಡಿಟ್ಟು ಕೊಂದ. ಕೊಂದವನು ಓಡಿಬಂದು ಹಿಜಾಮನ ಪಿಕಪ್ ಹತ್ತಿ, ಎಲೆಯ ಕಟ್ಟುಗಳ ಅಡಿಯಲ್ಲಿ, ಒದ್ದೆ ಗೋಣಿಯ ಕೆಳಗೆ ಮಲಗಿದ. ಖಾತ್ ಗಾಡಿಯನ್ನು ಯಾರು ತಡೆಯುತ್ತಾರೆ? ಖುರೈಬ್ ಮನೆಯವರು ಬಂದೂಕು ಹಿಡಿದು ದಾರಿಗಿಳಿಯುವ ಹೊತ್ತಿಗೆ ಗಾಡಿ ಮೂರು ಕಣಿವೆ ದಾಟಿತ್ತು. ಆಮೇಲೆ ಕೂಡಿದ ಪಂಚಾಯಿತಿಯಲ್ಲಿ ಹಿಜಾಮ್, ಗೋಣಿಯ ಕೆಳಗೆ ಯಾರಿದ್ದರೋ ನನಗೆ ತಿಳಿಯದು ಎಂದು ಹೇಳಿದ. ಖುರೈಬ್ ಮನೆಯವರು ನಂಬಲಿಲ್ಲ. ನ್ಯಾಯ ತೀರುವ ಮೊದಲೇ ಯುದ್ಧ ಬಂದು ಹಿರಿಯರೆಲ್ಲ ದಿಕ್ಕಾಪಾಲಾದರು. ಕಾಯಿದ್ ಹೆಸರು ಬದಲಿಸಿಕೊಂಡು ಗುಡ್ಡದ ಮೇಲಿನ ಮಿದ್ಹಾನ್ ಊರಿನಲ್ಲಿ ತಲೆಮರೆಸಿಕೊಂಡ. ತಂಗಿ ತಕಿಯಾ, ಮೂರು ಮಕ್ಕಳು ಅಲ್ಲೇ ಅವನ ಜೊತೆಗಿದ್ದರು.

ಆ ಮಿದ್ಹಾನ್‌ಗೆ ಮುತ್ತಿಗೆ ಬಿದ್ದು ಹದಿನಾಲ್ಕು ತಿಂಗಳಾಗಿತ್ತು. ಎಲೆಯ ಗಾಡಿಯೂ ಆ ಕಡೆ ಹೋಗುತ್ತಿರಲಿಲ್ಲ, ಅಲ್ಲಿ ಕೊಳ್ಳುವವರೇ ಉಳಿದಿರಲಿಲ್ಲ. ಗುಡ್ಡದ ಹಿಂದಿನ ಕಾಲುದಾರಿಯಲ್ಲಿ ತಪ್ಪಿಸಿಕೊಂಡು ಬಂದವನೊಬ್ಬ ತಕಿಯಾಳ ಸುದ್ದಿ ತಂದ. ಬೇಲಿಯ ಮೇಲಿನ ಹುಳಿಬಳ್ಳಿಯ ಎಲೆ ಬೇಯಿಸಿ ಮಕ್ಕಳಿಗೆ ಕೊಡುತ್ತಿದ್ದಾಳೆ, ಕಿರಿಯದಕ್ಕೆ ನಿಲ್ಲಲು ತ್ರಾಣವಿಲ್ಲ ಎಂದ. ಹಿಜಾಮ್ ಅವತ್ತು ರೊಟ್ಟಿ ಮುರಿದು ಬಾಯಿಗಿಡಲಾಗದೆ ತಟ್ಟೆ ಸರಿಸಿ ಎದ್ದುಬಿಟ್ಟ.

ಅಷ್ಟರಲ್ಲಿ ಮೂರು ದಿನದ ಕದನವಿರಾಮ ಆಯಿತು. ಪರಿಹಾರ ಕಚೇರಿಯ ಇಲ್ಹಾಮ್ ಎಂಬ ಹೆಂಗಸು ಎರಡೂ ಕಡೆಯವರಿಂದ ಕಾಗದಕ್ಕೆ ಮೊಹರು ಹಾಕಿಸಿಕೊಂಡು ಬಂದಳು. ಆರು ಲಾರಿ ಹಿಟ್ಟು, ಎಣ್ಣೆ, ಔಷಧಿ. ಆದರೆ ಕಾಗದ ರಾಜಧಾನಿಯಲ್ಲಿ ನಡೆಯುತ್ತದೆ, ದಾರಿಯಲ್ಲಿ ನಡೆಯುವುದು ಮುಖ. ಊರಿನವನೊಬ್ಬ ಮುಂದಿನ ಲಾರಿಯಲ್ಲಿ ಕುಳಿತು ‘ಇವರು ನನ್ನ ಮುಖದಲ್ಲಿದ್ದಾರೆ’ ಎನ್ನಬೇಕು. ಅಂದರೆ, ಇವರಿಗೆ ಏನಾದರೂ ಆದರೆ ನನಗೆ, ನನ್ನ ಮನೆತನಕ್ಕೆ ಆದ ಹಾಗೆ. ಆ ಮಾತಿಲ್ಲದೆ ಡ್ರೈವರುಗಳು ಗಾಡಿ ಶುರು ಮಾಡುವುದಿಲ್ಲ. ಎರಡು ದಿನ ಇಲ್ಹಾಮ್ ಬಾಗಿಲಿಂದ ಬಾಗಿಲಿಗೆ ಅಲೆದಳು. ಒಬ್ಬನಿಗೆ ಬೆನ್ನುನೋವು, ಒಬ್ಬನಿಗೆ ಮಗಳ ಮದುವೆ.

ಎರಡನೆಯ ದಿನ ಮಧ್ಯಾಹ್ನ ಗಂಡಸರೆಲ್ಲ ಪಡಸಾಲೆಯಲ್ಲಿ ದಿಂಬಿಗೆ ಒರಗಿ ಖಾತ್ ಜಗಿಯುತ್ತಿದ್ದಾಗ ಅವಳು ಹೊಸ್ತಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕುಳಿತಳು. ಜಗಿಯಲು ಕುಳಿತು ಎರಡು ತಾಸಾಗಿತ್ತು. ಜಗಿಯುವವರಿಗೆ ಆ ಗಳಿಗೆ ಗೊತ್ತು. ಕೆನ್ನೆ ಉಬ್ಬಿರುತ್ತದೆ, ಕಣ್ಣು ಹೊಳೆಯುತ್ತದೆ, ಊರಿನ ಕಷ್ಟವೆಲ್ಲ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಆ ಗಳಿಗೆಯಲ್ಲಿ ಎಷ್ಟೋ ಜನ ಅಣೆಕಟ್ಟು ಕಟ್ಟಿದ್ದಾರೆ, ಸಂಜೆಗೆ ಮರೆತಿದ್ದಾರೆ. ಹಿಜಾಮ್ ಮಾತ್ರ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಎಲ್ಲರೆದುರು ಆ ಮಾತು ಆಡಿಯೇಬಿಟ್ಟ.

“ಆರು ಲಾರೀನೂ ನನ್ನ ಮುಖದಲ್ಲಿದಾವೆ. ನಾಳೆ ಹೊರಡೋಣ.”

ಜನ ವಾಹ್ ಎಂದರು. ಅವನು ಕುಳಿತ ಮೇಲೆ ಮೂಲೆಯಲ್ಲಿದ್ದ ಮುದುಕನೊಬ್ಬ, ದಬಾ ಕಣಿವೆಯ ಠಾಣೆಯನ್ನು ಹೋದ ಗುರುವಾರದಿಂದ ಖುರೈಬ್ ಮನೆಯವರ ಕೈಗೆ ಕೊಟ್ಟಿದ್ದಾರೆ, ಸತ್ತ ನಾಜಿಯ ತಮ್ಮ ಮುತಹ್ಹರನೇ ಅಲ್ಲಿಯ ದಳಪತಿ ಎಂದು ಮೆಲ್ಲಗೆ ಹೇಳಿದ. ಹಿಜಾಮನ ಬಾಯಲ್ಲಿದ್ದ ಎಲೆ ಮಣ್ಣಾಯಿತು. ಮಿದ್ಹಾನ್‌ಗೆ ದಬಾ ಬಿಟ್ಟು ಬೇರೆ ಲಾರಿದಾರಿ ಇಲ್ಲ. ಮೊದಲು ಕೇಳಿ ಆಮೇಲೆ ಮಾತು ಕೊಡಬೇಕಿತ್ತು, ಅಷ್ಟೇ. ಕೊಟ್ಟ ಮುಖ ವಾಪಸು ತೆಗೆದುಕೊಂಡವನ ಮಕ್ಕಳಿಗೆ ನಮ್ಮಲ್ಲಿ ಹೆಣ್ಣೂ ಸಿಗುವುದಿಲ್ಲ, ಹೆಣಕ್ಕೆ ಹೆಗಲೂ ಸಿಗುವುದಿಲ್ಲ. ಸಂಜೆ ಖಾತ್ ಇಳಿದಾಗ ಅವನಿಗೆ ಚಳಿಜ್ವರ ಬಂದವರಂತೆ ಹಲ್ಲು ಕಟಕಟ ಎನ್ನುತ್ತಿತ್ತು. ಹೆಂಡತಿ ಎರಡು ಕಂಬಳಿ ಹೊದಿಸಿದಳು.

ಮೂರನೆಯ ದಿನ ಬೆಳಗ್ಗೆ ಲಾರಿಗಳು ಹೊರಟವು. ಸೂರ್ಯ ಮುಳುಗುವುದಕ್ಕೆ ಕದನವಿರಾಮವೂ ಮುಗಿಯುತ್ತಿತ್ತು. ಮುಂದಿನ ಲಾರಿಯ ಡ್ರೈವರ್ ದಿರ್ಹಮ್ ಬಾಯಿಬಡುಕ. ಚಿಕ್ಕಪ್ಪ ಬೆವರ್ತಾ ಇದ್ದಾರೆ, ಕಿಟಕಿ ಇಳಿಸಲಾ ಎಂದು ದಾರಿಯುದ್ದಕ್ಕೂ ರೇಗಿಸಿದ. ಮೊದಲ ಐದು ಠಾಣೆಗಳಲ್ಲಿ ಹಿಜಾಮನ ಮುಖ ಕಂಡು ದಾರಿಗಡ್ಡ ಕಟ್ಟಿದ ಹಗ್ಗ ಇಳಿಸಿದರು. ಪ್ರತಿ ಹಗ್ಗ ಇಳಿದಾಗಲೂ ಆರನೆಯದಾದ ದಬಾಕ್ಕೆ ಒಂದು ಹೆಜ್ಜೆ ಹತ್ತಿರವಾದೆನಲ್ಲ ಎಂದು ಅವನು ಬೆರಳಲ್ಲಿ ಎಣಿಸುತ್ತಿದ್ದ.

ದಬಾ ತಲುಪಿದಾಗ ಹನ್ನೊಂದು ಗಂಟೆ. ಮುತಹ್ಹರ್ ಬಂಡೆಯ ನೆರಳಲ್ಲಿ ಕುಳಿತಿದ್ದ. ಮೂವತ್ತರ ಆಸುಪಾಸಿನವನು, ತೆಳ್ಳಗೆ, ಮೃದು ಮಾತಿನವನು. ಕಾಗದ ತೆಗೆದುಕೊಂಡು ಓದಿದ, ಮಡಚಿ ಜೇಬಿಗಿಟ್ಟುಕೊಂಡ, ಸುಮ್ಮನೆ ಕುಳಿತ. ಅವನ ಇಕ್ಕಟ್ಟು ಹಿಜಾಮನಿಗೆ ಅರ್ಥವಾಗುತ್ತಿತ್ತು. ಲಾರಿ ತಡೆದರೆ ಮೇಲಿನವರ ಮೊಹರು ಮುರಿದ ಹಾಗೆ. ಬಿಟ್ಟರೆ, ಅಣ್ಣನ ಕೊಲೆಗಾರನನ್ನು ಸಾಗಿಸಿದವನ ಮುಖಕ್ಕೆ ಬೆಲೆ ಕೊಟ್ಟ ಹಾಗೆ. ಹಾಗಾಗಿ ತಡೆಯಲೂ ಇಲ್ಲ, ಬಿಡಲೂ ಇಲ್ಲ, ಸೂರ್ಯನ ಕೈಗೆ ಕೆಲಸ ಒಪ್ಪಿಸಿ ಕುಳಿತ. ತನ್ನವರಿಗೆ ಒಂದೇ ಮಾತು ಹೇಳಿದ.

“ಇವರಿಗೆ ಯಾರೂ ನೀರು ಕೊಡಬೇಡಿ.”

ದಿರ್ಹಮನ ನಗು ನಿಂತುಹೋಯಿತು. ಒಂದು ಮನೆಯ ಕೈಯಿಂದ ನೀರು ಕುಡಿದವನು ಆ ಮನೆಯ ಗಡಿ ದಾಟುವ ತನಕ ಅವರ ಅತಿಥಿ. ಅವನ ಮೈಮುಟ್ಟುವಂತಿಲ್ಲ. ನೀರು ಬೇಡ ಎಂದರೆ, ಸೂರ್ಯ ಮುಳುಗಿದ ಮೇಲೆ ಏನು ಬೇಕಾದರೂ ಆಗಬಹುದು ಎಂದರ್ಥ. ತಮ್ಮ ಕ್ಯಾನುಗಳ ನೀರು ಮಧ್ಯಾಹ್ನಕ್ಕೇ ಮುಗಿಯಿತು. ಆರು ಜನ ಡ್ರೈವರುಗಳು ಚಕ್ರಗಳ ನೆರಳಿನಲ್ಲಿ ಮುದುಡಿ ಕುಳಿತು, ತಮ್ಮನ್ನು ಇಲ್ಲಿಗೆ ಕರೆತಂದವನನ್ನೇ ನೋಡುತ್ತಿದ್ದರು. ಬೈದಿದ್ದರೆ ಹಿಜಾಮನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮೂರು ಗಂಟೆ ದಾಟಿದಾಗ ಅವನು ಎದ್ದ. ಧೈರ್ಯ ಬಂದು ಎದ್ದದ್ದಲ್ಲ, ಕೂತಲ್ಲೇ ಹೆದರುವುದು ಇನ್ನು ಸಾಧ್ಯವಿರಲಿಲ್ಲ. ಸೊಂಟದ ಪಟ್ಟಿ ಬಿಚ್ಚಿ, ಬಾಕುವನ್ನು ಪಟ್ಟಿಯ ಸಮೇತ ಮುತಹ್ಹರನ ಕಾಲ ಬಳಿ ಇಟ್ಟ. ನನ್ನ ನ್ಯಾಯ ನೀವೇ ಮಾಡಿ ಎಂದು ಅದರ ಅರ್ಥ. ಎತ್ತಿಕೊಂಡರೆ ತೀರ್ಪು ಕೊಡಲು ಒಪ್ಪಿದ ಹಾಗೆ. ಮುತಹ್ಹರ್ ಎತ್ತಿಕೊಳ್ಳಲಿಲ್ಲ. ಬಾಕು ಧೂಳಿನಲ್ಲಿ ಬಿದ್ದಿತ್ತು. ಖಾಲಿ ಸೊಂಟದ ಗಂಡಸು ಹಿಜಾಮ್, ಬಿಸಿಲಲ್ಲಿ, ಎಲ್ಲರೆದುರು ನಿಂತೇ ಇದ್ದ. ಪಟ್ಟಿಯಿಲ್ಲದ ಲುಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಆಗ ಠಾಣೆಯ ಕೆಳಗಿನ ಕಲ್ಲುಮನೆಯಿಂದ ಮುದುಕಿಯೊಬ್ಬಳು ಹತ್ತಿಬಂದಳು. ಕೈಯಲ್ಲಿ ಮಣ್ಣಿನ ಹೂಜಿ. ಗುಸೂನ್, ನಾಜಿಯ ತಾಯಿ. ಬಂದೂಕಿನವರು ದಾರಿ ಬಿಟ್ಟರು. ಅಮ್ಮಾ ಬೇಡ ಎಂದು ಮುತಹ್ಹರ್ ಎದ್ದುನಿಂತ, ಅವಳು ತಿರುಗಿಯೂ ನೋಡಲಿಲ್ಲ. ದಿರ್ಹಮನ ಹತ್ತಿರ ಹೋಗಿ, ಯಾರ ಮಗನಪ್ಪಾ ನೀನು ಎಂದು ಕೇಳಿ, ಅವನು ತಾಯಿಯ ಹೆಸರು ಹೇಳಿದ ಮೇಲೆ ಬಟ್ಟಲಿಗೆ ನೀರು ಸುರಿದು ಕೊಟ್ಟಳು. ಎರಡನೆಯವನಿಗೆ, ಮೂರನೆಯವನಿಗೆ, ಹೀಗೆ ಆರು ಜನಕ್ಕೂ. ಕೊನೆಗೆ, ಡ್ರೈವರುಗಳಿಗೆ ಮಾತು ಕೇಳಿಸದಷ್ಟು ದೂರದಲ್ಲಿದ್ದ ಹಿಜಾಮನ ಮುಂದೆ ಬಂದು ನಿಂತಳು. ಹೂಜಿಯಲ್ಲಿ ಇನ್ನೂ ನೀರಿತ್ತು, ಅಲುಗಾಡುವ ಸದ್ದು ಅವನಿಗೆ ಕೇಳಿಸುತ್ತಿತ್ತು.

“ಗೋಣಿ ಕೆಳಗೆ ಅವನಿದ್ದದ್ದು ನಿಂಗೆ ಗೊತ್ತಿತ್ತಾ?”

ಒಂಬತ್ತು ವರ್ಷದಿಂದ ಅವನು ಎಲ್ಲರಿಗೂ ಹೇಳಿದ್ದ ಉತ್ತರ ನಾಲಿಗೆಯ ತುದಿಗೇ ಬಂತು. ಆದರೆ ಮುದುಕಿಯ ಕಣ್ಣು ಅವನ ಮೇಲೆ ನೆಟ್ಟಿತ್ತು, ಸುಳ್ಳು ಹೊರಡಲಿಲ್ಲ.

“ಗೊತ್ತಿತ್ತಮ್ಮಾ.”

ಸುತ್ತ ನಿಂತ ಬಂದೂಕುಗಳಲ್ಲಿ ಒಂದು ಕಟಕ್ ಎಂದಿತು. ಗುಸೂನ್ ಕೈಯೆತ್ತಿ ತಡೆದಳು.

“ಈಗೆಲ್ಲಿದಾನೆ?”

ಹಿಜಾಮ್ ಆರು ಲಾರಿಗಳ ಕಡೆ ನೋಡಿದ. ಸೂರ್ಯ ಕಣಿವೆಯ ಅಂಚಿಗೆ ಇಳಿದಿದ್ದ. ಹೇಳದಿದ್ದರೆ ಹಿಟ್ಟು ಇಲ್ಲೇ ಉಳಿಯುತ್ತದೆ, ತಾನೂ ಇಲ್ಲೇ ಹೆಣವಾಗಿ ಉಳಿಯಬೇಕಾಗುತ್ತದೆ. ಆ ಎರಡರಲ್ಲಿ ತನಗೆ ಯಾವುದರ ಭಯ ಹೆಚ್ಚಿತ್ತು ಎಂಬುದನ್ನು ಅವನು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ.

“ಮಿದ್ಹಾನಲ್ಲಿ. ನನ್ ತಂಗಿ ಗಂಡ ಅವನು.”

“ಮಕ್ಕಳೆಷ್ಟು?”

“ಮೂರು.”

ಅವಳು ಒಮ್ಮೆ ಮಿದ್ಹಾನಿನ ಗುಡ್ಡದ ಕಡೆ ನೋಡಿದಳು. ಆಮೇಲೆ ಹೂಜಿಯನ್ನು ಬಗ್ಗಿಸಿ ಉಳಿದ ನೀರನ್ನೆಲ್ಲ ಅವನ ಪಾದದ ಮುಂದೆ ನೆಲಕ್ಕೆ ಚೆಲ್ಲಿ, ಮಗನ ಕಡೆ ತಿರುಗಿ, ಆರು ಜನ ನನ್ನ ಅತಿಥಿಗಳು, ಹೊತ್ತು ಮುಳುಗೋದ್ರೊಳಗೆ ಕಳಿಸು ಎಂದಳು. ಅವಳು ನೀರು ಕೊಡಲೆಂದು ಬಂದಳೋ, ಉತ್ತರ ಪಡೆಯಲೆಂದು ಬಂದಳೋ, ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಮುತಹ್ಹರ್ ಹಗ್ಗ ಇಳಿಸಿದ. ಲಾರಿಗಳು ಒಂದರ ಹಿಂದೆ ಒಂದು ಕಣಿವೆ ಹತ್ತಿದವು. ಅತಿಥಿಗಳಿಗೆ ಇನ್ನು ಬೇರೆ ಮುಖ ಬೇಕಿರಲಿಲ್ಲ, ಹಿಜಾಮ್ ಕೆಳಗೇ ಉಳಿದ.

ಕೊನೆಯ ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ಮುತಹ್ಹರ್ ಹತ್ತಿರ ಬಂದ. ಹಿಜಾಮ್ ಕಣ್ಣು ಮುಚ್ಚಿಕೊಂಡ. ಗುಂಡಿನ ಬದಲು ಅವನ ಕೈಗೆ ಬಾಕುವಿನ ಪಟ್ಟಿ ಬಂತು. ಮುತಹ್ಹರ್ ಧೂಳು ಕೊಡವಿ ಕೊಟ್ಟಿದ್ದ.

“ಕಟ್ಕೊಳಿ ಚಿಕ್ಕಪ್ಪ. ನಿಮ್ ಹತ್ರ ನಮಗೇನೂ ಇಲ್ಲ ಇನ್ನು.”

ಆ ಮರ್ಯಾದೆಯ ಮಾತು ಕೇಳಿ ಹಿಜಾಮನಿಗೆ ಹಗಲೆಲ್ಲ ಆಗದಷ್ಟು ಭಯವಾಯಿತು. ಮೂರು ಹರದಾರಿ ದೂರದ ಕೆಳಠಾಣೆಗೆ ಓಡುತ್ತ, ಎಡವುತ್ತ ಬಂದ. ಅಲ್ಲಿಂದ ಯಾರೋ ಬೈಕಿನಲ್ಲಿ ಮನೆ ತಲುಪಿಸಿದರು.

ಅವತ್ತು ರಾತ್ರಿ ರೇಡಿಯೋದಲ್ಲಿ, ಹಿಟ್ಟು ತಲುಪಿದ್ದರಿಂದ ಎರಡೂ ಕಡೆಯವರು ಕದನವಿರಾಮವನ್ನು ಹತ್ತು ದಿನ ಮುಂದುವರಿಸಲು ಒಪ್ಪಿದ್ದಾರೆ, ದಾರಿ ಎಲ್ಲರಿಗೂ ತೆರೆದಿರುತ್ತದೆ ಎಂದು ಸುದ್ದಿ ಬಂತು. ಪೇಟೆಯಲ್ಲಿ ಖರ್ಜೂರ ಹಂಚಿದರು. ಇಲ್ಹಾಮ್ ಮನೆಗೇ ಬಂದು, ನಿಮ್ಮಿಂದಲೇ ಆಯಿತು ಎಂದು ಅತ್ತಳು. ದಾರಿ ಎಲ್ಲರಿಗೂ ತೆರೆದಿರುತ್ತದೆ ಎಂಬ ಮಾತು ಹಿಜಾಮನ ತಲೆಯಲ್ಲಿ ಕೊರೆಯುತ್ತಿತ್ತು. ತಂಗಿಯ ನಂಬರಿಗೆ ಮತ್ತೆ ಮತ್ತೆ ಕರೆ ಮಾಡಿದ. ಮಿದ್ಹಾನಿನಲ್ಲಿ ಕರೆಂಟು ಇಲ್ಲದೆ ಅವಳ ಫೋನು ಸತ್ತಿತ್ತು, ದಿರ್ಹಮನೂ ಫೋನ್ ಎತ್ತಲಿಲ್ಲ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಅವಳೇ ಕರೆ ಮಾಡಿದಳು. ದಿರ್ಹಮ್ ರಾತ್ರಿ ಲಾರಿಯ ಬ್ಯಾಟರಿಯಿಂದ ಚಾರ್ಜ್ ಮಾಡಿಕೊಟ್ಟಿದ್ದನಂತೆ. ಮೂರು ಮಕ್ಕಳೂ ರೊಟ್ಟಿ ತಿಂದರು, ಚಿಕ್ಕದು ಗೋಡೆ ಹಿಡಿದು ನಿಂತಿತು ಎಂದು ಒಂದೇ ಉಸಿರಿಗೆ ಹೇಳಿದಳು. ಹಿಜಾಮ್ ಅವಳ ಮಾತು ಕತ್ತರಿಸಿ, ಕಾಯಿದ್‌ಗೆ ಫೋನ್ ಕೊಡು, ಬೇಗ ಕೊಡು ಎಂದ.

“ಅವರು ಇಲ್ಲಣ್ಣಾ. ನಿನ್ನ ಕೈ ಹಿಡಿದು ಮುತ್ತಿಕ್ಕಿ ಬರ್ತೀನಿ ಅಂತ ದಿರ್ಹಮನ ಖಾಲಿ ಲಾರೀಲಿ ಹೊರಟರು. ಬೇಡ, ದಬಾದಲ್ಲಿ ಯಾರಿದಾರೋ ಏನೋ ಅಂದೆ. ಹಿಜಾಮಣ್ಣನ ಮುಖದಲ್ಲಿರೋ ಲಾರಿ, ನಂಗೇನು ಭಯ ಅಂದ್ರು.”

ಯಾವಾಗ ಹೊರಟ ಎಂದು ಕೇಳಿದ. ಒಂದು ತಾಸಾಯಿತು ಎಂದಳು. ಅವನು ಫೋನ್ ಇಟ್ಟು ದಿರ್ಹಮನ ನಂಬರು ಒತ್ತಿದ. ಕಣಿವೆಯೊಳಗೆ ಸಿಗ್ನಲ್ ಇಲ್ಲ ಎಂಬುದು ಇಪ್ಪತ್ತೆರಡು ವರ್ಷ ಆ ದಾರಿ ಓಡಾಡಿದವನಿಗೆ ಗೊತ್ತಿತ್ತು. ಆದರೂ ಒತ್ತುತ್ತಲೇ ಇದ್ದ.