ಹುಲ್ಲಿನ ಜಿಯಾವುಲ್ಲಾರ ಫೋಟೊ

ಗುಂಡ್ಲುಪೇಟೆಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ನಾನು ಡಿಸೈನರ್. ಹೆಸರು ದೊಡ್ಡದು, ಕೆಲಸ ಪುಢಾರಿಗಳ ಮುಖ ಬೆಳ್ಳಗೆ ಮಾಡುವುದು. ಬೆನ್ನುಮೂಳೆ ಬೇಡದ ಕೆಲಸ, ನನಗೆ ಹೇಳಿ ಮಾಡಿಸಿದ್ದು. ಒಮ್ಮೆ ಕಂಪ್ಯೂಟರಿಗೆ ಬಂದ ಮುಖವನ್ನು ನಾವು ಅಳಿಸುವುದಿಲ್ಲ. ಹುಟ್ಟುಹಬ್ಬಕ್ಕೆ ಕೊಟ್ಟದ್ದೇ ಶ್ರದ್ಧಾಂಜಲಿಗೂ ಬೇಕಾಗುತ್ತದಲ್ಲ.

ಹಾಗೇ ಉಳಿದಿತ್ತು ಜಿಯಾವುಲ್ಲಾ ಸಾಬರ ಫೋಟೊ. ಬಸ್‌ಸ್ಟ್ಯಾಂಡ್ ಹಿಂದೆ ಮೇವು ಮಾರುವವರು. ಯೌವನವನ್ನೆಲ್ಲ ಸೌದಿಯ ಡೈರಿಯೊಂದರಲ್ಲಿ ಹುಲ್ಲು ಕೊಯ್ದು ಸವೆಸಿ ಬಂದು, ಇಲ್ಲೂ ಹುಲ್ಲನ್ನೇ ಹಿಡಿದರು. ಕಟ್ಟಿನ ನಡುವೆ ನೆನೆದ ಹುಲ್ಲು ತುರುಕಿ ತೂಕ ಏರಿಸಿದವರಲ್ಲ. ಅಂಗಡಿಗೆ ಮೊದಲ ಸಲ ಬೋರ್ಡು ಹಾಕಿಸಲೆಂದು, ಗಡ್ಡ ಬಾಚಿ, ಇಸ್ತ್ರಿ ಅಂಗಿ ತೊಟ್ಟು, ಹೆಗಲ ಮೇಲೆ ಹಸಿ ಮೇವಿನ ಹೊರೆ ಇಟ್ಟುಕೊಂಡು ಫೋಟೊ ತೆಗೆಸಿಕೊಂಡಿದ್ದರು.

ಮೊನ್ನೆ ಯುವಕರ ಸಂಘದ ಶಿವರುದ್ರಸ್ವಾಮಿ ಗಾಂಜಾ ವಿರೋಧಿ ಜಾಥಾದ ಫ್ಲೆಕ್ಸಿಗೆ ಬಂದ.

"ಗಾಂಜಾಕ್ಕೆ ಹಶೀಶ್ ಅಂತಾರಲ್ಲ, ಅದು ಅರಬ್ಬಿ ಮಾತು ಕಣ್ಲಾ, ಮೊಬೈಲ್ನಲ್ಲಿ ನೋಡ್ದಿ. ಒಬ್ಬ ಗಡ್ಡದವ್ನ ಹಾಕು." ನಮ್ಮ ಫೋಟೊಗಳನ್ನೆಲ್ಲ ಜಾಲಾಡಿ ಸಾಬರ ಮೇಲೆ ಬೆರಳಿಟ್ಟ. "ಇವ್ನೇ! ಹೆಗಲ ಮ್ಯಾಲೆ ಸೊಪ್ಪೂ ಅದ ನೋಡ್ಲಾ."

"ಅವರು ಮೇವು..." ಅಂದೆ. ಮಾಲೀಕರು ಕೆಮ್ಮಿದರು. ನನ್ನ ಕ್ರಾಂತಿ ಅಲ್ಲಿಗೆ ಮುಗಿಯಿತು. ಅಂಟಿಸಿದೆ.

ತಮ್ಮ ಬೋರ್ಡು ಆಯಿತೇ ಎಂದು ಕೇಳಲು ಸಾಬರು ಒಳಬಂದದ್ದು ಆಗಲೇ. ಪರದೆಯ ಮೇಲೆ ತಮ್ಮದೇ ಮುಖ. ಮೇಲೆ ಕೆಂಪಕ್ಷರದಲ್ಲಿ 'ವಿಷ ಹಂಚುವವರು'.

"ಸ್ವಾಮಿ, ಹಶೀಶ್ ಅಂದ್ರೆ ಹುಲ್ಲು. ಸೌದೀಲಿ ದಿನಾ ಬೆಳಿಗ್ಗೆ ಅದ್ನೇ ಕೊಯ್ದು ಹಸುಗಳ್ಗೆ ಹಾಕಿವ್ನಿ. ಆಮ್ಯಾಲೆ ಯಾರೋ ಆ ಹೆಸ್ರ ಈ ಸೊಪ್ಗೂ ಮೆತ್ತುದ್ರು. ಅದ್ ಬುಡಿ, ಗಾಂಜಾ, ಬಂಗಿ, ಇವು ಯಾವೂರ ಮಾತು? ಅದುಕ್ಕೆ ಯಾರ ಮುಖ ಹಾಕೀರಿ? ನಿಮ್ಮಪ್ಪಾರ್ದಾ?"

"ಅಯ್ಯೋ, ಯಾರಾದ್ರೇನು ಅಂತ ಹಾಕುಸ್ದಿ ಸಾಬ್ರೆ." ಶಿವರುದ್ರಸ್ವಾಮಿ ನನ್ನತ್ತ ತಿರುಗಿದ. "ಲೇ ಮಹದೇವ, ಇವ್ರ ತಗ್ದು ಬ್ಯಾರೆ ಗಡ್ಡ ಹಾಕ್ಲಾ."

ಸಾಬರು ಸ್ಟೂಲ್ ಎಳೆದು ಕೂತರು. "ಅವ್ನೂ ಯಾರ್ದೋ ಮನೆಯವ್ನೆಯ. ಅಲ್ಲಿ ಯಾರ್ ಮುಖವೂ ಇಲ್ದಂಗ್ ಆಗಗಂಟ ನಾನ್ ಏಳಕಿಲ್ಲ."

ಹೊರಗಿನಿಂದ ಜನ ಇಣುಕತೊಡಗಿದರು. ಸ್ವಾಮಿ ಹಲ್ಲು ಕಡಿದ: "ಬರೀ ಗಿಡ ಹಾಕ್ಲಾ, ಸಾಯ್ಲಿ." ನನ್ನ ಕೈಗೆ ಎಂದೂ ಇಲ್ಲದ ಚುರುಕು ಬಂತು.

"ನಿಮ್ಮ ಬೋರ್ಡು ನಾಳೆ ರೆಡಿ ಸಾಬ್ರೆ," ಮಾಲೀಕರು ಹಲ್ಲುಕಿರಿದರು.

"'ಮೇವು ಸಿಗುತ್ತದೆ' ಅಂತ ಬರೀರಿ, ಸಾಕು. ಫೋಟೊ ಬ್ಯಾಡ." ನನ್ನ ಕಡೆ ತಿರುಗಿದರು. "ನನ್ ಮುಖ ನಿಮ್ ಪೆಟ್ಗೇಲಿ ಇರಕೂಡ್ದು. ಅಳ್ಸಪ್ಪ."

ಅಳಿಸಿದೆ. ಅವರು ಏಳಲಿಲ್ಲ, ಪರದೆಯ ಮೂಲೆಗೆ ಬೆರಳು ತೋರಿದರು.

"ಆ ಕಸದ ಡಬ್ಬಿಯಿಂದ್ಲೂವೆ."