ಶುಕ್ರವಾರದ ಹೊಗೆ

ಅಟ್ಟ ತೆರವು ಮಾಡುವ ಕೆಲಸಕ್ಕೆ ನನ್ನ ಸೊಸೆ ಕೈ ಹಾಕಿದಳೆಂದರೆ ನನ್ನ ಹಳೆಯ ಸಾಮಾನುಗಳಿಗೆ ಗ್ರಹಚಾರ ಕಾದಿದೆ ಎಂದೇ ಅರ್ಥ. ಮೊನ್ನೆಯೂ ಹಾಗೇ ಆಯಿತು. ತುಕ್ಕು ಹಿಡಿದ ಇಕ್ಕಳ, ಸುಟ್ಟ ಹೋಲ್ಡರು, ತುಂಡು ವೈರು ತುಂಬಿದ್ದ ತಗಡಿನ ಡಬ್ಬಿಯನ್ನು ಅಂಗಳದಲ್ಲಿ ಸುರುವಿ, ಅದರೊಳಗಿನ ಒಂದನ್ನು ಎತ್ತಿ ಹಿಡಿದು ಕೇಳಿದಳು. "ಮಾಮಾರ, ಇದೇನ್ರಿ ಇದು? ಬಟ್ಟಲೋ ಮುಚ್ಚಳೋ?"

ಅಂಗೈ ಅಗಲದ ಪ್ಲಾಸ್ಟಿಕ್ಕಿನ ಬಟ್ಟಲು. ಒಂದು ಕಾಲಕ್ಕೆ ಬಿಳಿಯಾಗಿತ್ತು, ಈಗ ಅಂಚಿನ ಸೀಳುಗಳ ಸುತ್ತ ಕಂದು ಹಿಡಿದಿದೆ. ಹೊಗೆ ತಾಕಿದರೆ ಗಂಟೆ ಬಾರಿಸುವ ಯಂತ್ರದ ತಲೆ ಅದು, ಸ್ಮೋಕ್ ಡಿಟೆಕ್ಟರ್. ಅವಳ ಕೈಯಿಂದ ಇಸಿದುಕೊಂಡು ಮೂಗಿನ ಹತ್ತಿರ ತಂದೆ. ಧೂಳಿನ ಕೆಳಗೆ, ಬಹಳ ಕೆಳಗೆ, ಲೋಬಾನದ ಧೂಪದ ವಾಸನೆ ಇತ್ತು... ಇಷ್ಟು ವರ್ಷಗಳಾದ ಮೇಲೂ. ಗುಜರಿಯವನಿಗೆ ಹಾಕೋಣವೇ ಎಂದು ಅವಳು ಕೇಳುತ್ತಲೇ ಇದ್ದಳು. ನಾನು ಅದನ್ನು ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತೆ.

ನಾನು ವೈರಿಂಗ್ ಕೆಲಸದವನು, ಮಾನ್ವಿ ತಾಲೂಕಿನ ಮಲ್ಲಟದವನು. ಎಪ್ಪತ್ತರ ದಶಕದಲ್ಲಿ ಮಾನ್ವಿಯ ಅಕ್ಕಿ ಗಿರಣಿಗಳಿಗೆ ಮೋಟಾರು ಕೂಡಿಸುತ್ತ ಕೈ ಕುದುರಿಸಿಕೊಂಡೆ. ಆ ಗಿರಣಿಗಳಲ್ಲೊಂದರ ಒಡೆಯರೇ ನಮ್ಮ ಸಾವಕಾರರು. ಹಣೆತುಂಬ ವಿಭೂತಿ, ಮಾತು ಕಡಿಮೆ, ಸಿಟ್ಟು ಜಾಸ್ತಿ. ದೇವದುರ್ಗದಲ್ಲಿ ಅವರದೊಂದು ಹತ್ತಿ ಮಿಲ್ಲೂ ಇತ್ತು, ಅದು ಸುಟ್ಟು ಹೋಯಿತು. ಹತ್ತಿಯ ಬೆಂಕಿ ಕಳ್ಳ ಬೆಂಕಿ. ಒತ್ತಿ ಕಟ್ಟಿದ ಅಂಡಿಗೆಯ ಒಳಗೊಳಗೇ ಕಮರುತ್ತ ಕೂತಿರುತ್ತದೆ, ಹೊರಗೆ ಉರಿ ಕಾಣುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಒಳಗೆ ಮಲಗಿದ್ದ ಕಾವಲುಗಾರ ಎಚ್ಚರವಾಗದೆಯೇ ಹೋದ. ಆ ಸಂಗತಿಯನ್ನು ಸಾವಕಾರರು ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ಆದರೆ ಎಂಬತ್ತರ ದಶಕದ ನಡುವೆ ರಾಯಚೂರಿನ ಬಜಾರಿನಲ್ಲಿ ಮೂರಂತಸ್ತಿನ ವ್ಯಾಪಾರಿ ಕಟ್ಟಡ ಎಬ್ಬಿಸಿದಾಗ, ಯಾರೂ ಕೇಳರಿಯದ ಈ ಬಟ್ಟಲುಗಳನ್ನು ಹೈದರಾಬಾದಿನಿಂದ ತರಿಸಿ, ನನ್ನನ್ನು ಕರೆಸಿ, "ಇವನ್ನ ಕೂಡಿಸು" ಎಂದರು.

ನಾನೂ ಅಂಥದ್ದನ್ನು ಕಂಡವನಲ್ಲ. ಹೈದರಾಬಾದಿನಿಂದ ಬಂದಿದ್ದ ಕಂಪನಿಯವನು ಛತ್ತಿನ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿಕೊಟ್ಟ. ಮೂಲೆಯಲ್ಲಿ ಬೇಡ, ಅಲ್ಲಿ ಗಾಳಿ ಆಡುವುದಿಲ್ಲ. ಫ್ಯಾನಿನ ಬಳಿ ಬೇಡ, ಹೊಗೆ ಚದುರಿ ಹೋಗುತ್ತದೆ. ಒಲೆಯ ಎದುರು ಬೇಡ, ದಿನವೂ ಗಂಟೆ ಹೊಡೆಯುತ್ತದೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವನು ಗುರುತು ಹಾಕಿದ್ದು ಖಾಲಿ ಕಟ್ಟಡದಲ್ಲಿ. ಆಮೇಲೆ ಅಂಗಡಿಗಳವರು ಬಂದರು. ಒಬ್ಬ ಛತ್ತಿಗೆ ಮುಟ್ಟುವ ಕಪಾಟು ನಿಲ್ಲಿಸಿದ, ಇನ್ನೊಬ್ಬ ಅಟ್ಟ ಹೊಡೆಸಿದ, ಕೆಳಗಿನ ಬಟ್ಟೆ ಅಂಗಡಿಯವನು ತನಗೆ ಬೇಕಾದ ಕಡೆಯೆಲ್ಲ ಫ್ಯಾನು ತೂಗುಬಿಟ್ಟ. ಹಿಂಭಾಗದಲ್ಲಿ ಒಬ್ಬ ಅಕ್ಕ ಖಾನಾವಳಿ ಇಟ್ಟಳು. ಮೊದಲ ದಿನವೇ ಅವಳು ಒಣಮೆಣಸಿನಕಾಯಿ ಹುರಿದದ್ದಕ್ಕೆ ಕಟ್ಟಡವೆಲ್ಲ ಗಂಟೆ. ಬಜಾರಿನವರು ಆ ಬಟ್ಟಲುಗಳಿಗೆ ಸಾವಕಾರರ ಮೂಗು ಎಂದು ಹೆಸರಿಟ್ಟರು. ನಾನು ನಿಚ್ಚಣಿಕೆ ಹೊತ್ತುಕೊಂಡು ಒಂದು ಮೂಗನ್ನು ಅತ್ತ, ಒಂದನ್ನು ಇತ್ತ ಸರಿಸುತ್ತ ತಿರುಗಿದೆ.

ಅದೇ ವಾರದ ಶುಕ್ರವಾರ ಲೋಬಾನದ ಅಜ್ಜ ಬಂದ.

ರಾಯಚೂರಿನ ಬಜಾರಿಗೆ ಅವನೇನೂ ಹೊಸಬನಲ್ಲ. ಯರಗೇರಾ ಕಡೆಯಿಂದ ಬಸ್ಸಿಗೆ ಬರುತ್ತಿದ್ದ ಫಕೀರ. ಹಸಿರು ಮಾಸಿದ ನಿಲುವಂಗಿ, ಕಂಕುಳಲ್ಲಿ ನವಿಲುಗರಿಯ ಕಟ್ಟು, ಕೈಯಲ್ಲಿ ಸರಪಳಿ ಹಾಕಿದ ಹಿತ್ತಾಳೆಯ ಧೂಪದಾನಿ. ಬಜಾರಿನ ಯಾವುದಾದರೂ ಒಲೆಯಿಂದ ಕೆಂಡ ತುಂಬಿಸಿಕೊಂಡು, ಲೋಬಾನ ಉದುರಿಸಿ, ಅಂಗಡಿ ಅಂಗಡಿಗೆ ಹೊಗೆ ಹಾಕಿ, ಹಣದ ಗಲ್ಲೆಯ ಮೇಲೆ ನವಿಲುಗರಿ ಆಡಿಸಿ, ಕೊಟ್ಟಿದ್ದನ್ನು ತೆಗೆದುಕೊಂಡು ಹೋಗುವವನು. ಆ ಜಾಗದಲ್ಲಿ ತಗಡಿನ ಅಂಗಡಿಗಳಿದ್ದ ಕಾಲದಿಂದಲೂ ಅವನ ಸುತ್ತು ತಪ್ಪಿರಲಿಲ್ಲ. ಗಡ್ಡದ ಮೇಲೆ ಬಹಳ ಅಭಿಮಾನ, ಅಂಗಡಿಯ ಕನ್ನಡಿ ಕಂಡಲ್ಲೆಲ್ಲ ನಿಂತು ತೀಡಿಕೊಳ್ಳುತ್ತಿದ್ದ. ಹೊಗೆಗೆ ಯಾರಾದರೂ ಕೆಮ್ಮಿದರೆ ಮುಖ ಗಂಟು ಹಾಕುತ್ತಿದ್ದ.

ಅಂದು ಅವನು ಬಟ್ಟೆ ಅಂಗಡಿಗೆ ಕಾಲಿಟ್ಟು ಲೋಬಾನ ಉದುರಿಸಿದ್ದೇ ತಡ, ಗಂಟೆ ಬಡಿದುಕೊಳ್ಳತೊಡಗಿತು. ಗಿರಾಕಿಗಳು ಚಪ್ಪಲಿ ಬಿಟ್ಟು ಬೀದಿಗೆ ಓಡಿದರು. ಒಬ್ಬಾಕೆ ಹೆಗಲ ಮೇಲೆ ಹಾಕಿ ನೋಡುತ್ತಿದ್ದ ಇಳಕಲ್ ಸೀರೆಯ ಸಮೇತ ಓಡಿ, ಬೀದಿಯಲ್ಲಿ ನಿಂತೇ ರೇಟು ಇಳಿಸಲು ಕೂಗಿದಳು. ಅಜ್ಜ ಮಾತ್ರ ಅಂಗಡಿಯ ನಡುವೆ ನಿಂತು ಛತ್ತಿನತ್ತ ನೋಡುತ್ತಿದ್ದ. ತನ್ನ ಹೊಗೆಗೆ ಇಂಥ ಮರ್ಯಾದೆ ಅವನು ಎಂದೂ ಕಂಡಿರಲಿಲ್ಲ.

ಸಾವಕಾರರು ಆವತ್ತೇ ಅಪ್ಪಣೆ ಮಾಡಿದರು. ಖಾನಾವಳಿಯ ಒಲೆ ಬಿಟ್ಟರೆ ಕಟ್ಟಡದಲ್ಲಿ ಹೊಗೆ ಕೂಡದು. ತಮ್ಮ ಕೋಣೆಯಲ್ಲಿ ಲಿಂಗಪೂಜೆಗೆ ಹಾಕುತ್ತಿದ್ದ ಧೂಪವನ್ನೂ ನಿಲ್ಲಿಸಿಬಿಟ್ಟರು. ದೇವರಿಗೇ ಇಲ್ಲದ ರಿಯಾಯಿತಿಯನ್ನು ಫಕೀರನಿಗೆ ಕೊಡಿ ಎಂದು ಕೇಳುವ ಬಾಯಿ ಯಾರಿಗಿತ್ತು?

ಮುಂದಿನ ವಾರ ಅಜ್ಜ ಬಂದಾಗ ಬಟ್ಟೆ ಅಂಗಡಿಯವನು ಬಾಗಿಲಲ್ಲೇ ತಡೆದು, ಒಳಗೆ ಬರುವುದು ಬೇಡ, ನಿನ್ನದು ನಿನಗೆ ಇಲ್ಲೇ ಮುಟ್ಟಿಸುತ್ತೇವೆ ಎಂದು ಕಾಸು ಹಿಡಿದ ಕೈ ಮುಂದೆ ಮಾಡಿದ. ಅಜ್ಜ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

"ಹೊಗಿ ಹಾಕಲಾರದ ತಗೊಂಡ್ರ ಅದು ಭಿಕ್ಷಾ ಆಗ್ತದ, ಬೇಟಾ. ನಾ ಭಿಕ್ಷಾ ಬೇಡಾಂವಲ್ಲ."

ಹಾಗೆಂದವನು ಬೀದಿ ದಾಟಿ ಎದುರಿಗೆ ನಿಂತ. ನವಿಲುಗರಿಯಿಂದ ಹೊಗೆಯನ್ನು ಕಟ್ಟಡದತ್ತ ಬೀಸಿದ. ಸೈಕಲ್ ರಿಕ್ಷಾಗಳು, ಕೈಗಾಡಿಗಳು ಅದನ್ನು ಕಡಿದು ಹಾಕಿದವು, ನಮ್ಮ ಮೆಟ್ಟಿಲಿನ ತನಕವೂ ಒಂದೆಳೆ ಬರಲಿಲ್ಲ. ಬೀಸಿ ಮುಗಿಸಿ, ಏನನ್ನೂ ಕೇಳದೆ ಹೋದ. ಅದರ ಮುಂದಿನ ವಾರವೂ ಹಾಗೇ ಬಂದು, ಹಾಗೇ ಹೋದ. ನಾನು ನಿಚ್ಚಣಿಕೆಯ ಮೇಲಿಂದ ನೋಡುತ್ತಿದ್ದೆ. ಆ ಬಟ್ಟಲುಗಳನ್ನು ಕೂಡಿಸಿದ ಕೈ ನನ್ನದೇ ತಾನೆ...

ಅಂಗಡಿಗಳವರಿಗೂ ಸಮಾಧಾನ ಇರಲಿಲ್ಲ. ಲೋಬಾನ ನಿಂತ ಮೇಲೆ ಗಿರಾಕಿ ಕಡಿಮೆಯಾದರು ಎಂದು ಒಬ್ಬರ ಕಿವಿಯಲ್ಲಿ ಒಬ್ಬರು ಊದಿದರು. ಅದು ಬಿತ್ತನೆಯ ಕಾಲ, ಊರೂರಿನ ಜನ ಹೊಲದಲ್ಲಿದ್ದರು, ಬಟ್ಟೆ ಕೊಳ್ಳಲು ಯಾರು ಬರಬೇಕು? ಆದರೆ ವ್ಯಾಪಾರಿಗೆ ಅದನ್ನು ಹೇಳುವವರು ಯಾರು? ಎಲ್ಲ ಸೇರಿ ಒಂದು ಉಪಾಯ ಹೂಡಿದರು. ಸೀರೆಯ ಪ್ಲಾಸ್ಟಿಕ್ ಕವರುಗಳನ್ನು ಮೂಗುಗಳಿಗೆ ಹೊದಿಸಿ, ಬಿಗಿಯಾಗಿ ದಾರ ಸುತ್ತಿ, ಹಿಂಬಾಗಿಲಿನಿಂದ ಅಜ್ಜನನ್ನು ಒಳಗೆ ಕರೆದುಕೊಂಡರು. ಗಂಟೆ ಸುಮ್ಮನಿತ್ತು, ಎಲ್ಲರಿಗೂ ಖುಷಿ. ಹೊಗೆ ಹಾಕಿ ಮುಗಿದ ಮೇಲೆ ಕವರು ಬಿಚ್ಚಬೇಕೆಂಬುದು ಮಾತ್ರ ಯಾರ ನೆನಪಿಗೂ ಬರಲಿಲ್ಲ. ಎರಡನೆಯ ಸಲ ಕರೆದಾಗ ಸಾವಕಾರರು ಹಿಂದಿನ ಮೆಟ್ಟಿಲಿನಿಂದಲೇ ಇಳಿದು ಬಂದರು.

ಅವರು ತಲೆ ಎತ್ತಿ ನೋಡಿದರು. ಕುರ್ಚಿ ಎಳೆದು, ತಾವೇ ಹತ್ತಿ, ಒಂದು ಕವರನ್ನು ಕಿತ್ತರು. ಅದನ್ನು ಮುಷ್ಟಿಯಲ್ಲಿ ಹಿಸುಕಿದರು. ಸಿಟ್ಟಿಗೆ ಹಿಸುಕುತ್ತಿದ್ದಾರೆ ಎಂದು ನಾವೆಲ್ಲ ತಿಳಿದೆವು.

"ಯಾರು ಕಟ್ಟಿದ್ದು?"

ಅಂಗಡಿಯವರೆಲ್ಲ ಹಿಂದೆ ಸರಿದರು. ಅಜ್ಜನೇ ಮುಂದೆ ಬಂದ. "ನನ್ನ ಸಲುವಾಗಿ ಕಟ್ಯಾರ, ಸಾವಕಾರ್ರ. ಬಯ್ಯೂದಿದ್ರ ನನಗ ಬಯ್ರಿ."

ಸಾವಕಾರರು ಬಯ್ಯಲಿಲ್ಲ. ಕುರ್ಚಿಯಿಂದ ಇಳಿದು ಅದರ ಮೇಲೇ ಕೂತರು. ದೇವದುರ್ಗದ ಕಾವಲುಗಾರನ ಸಂಗತಿಯನ್ನು ನಾನು ಅವರ ಬಾಯಿಂದ ಕೇಳಿದ್ದು ಅಂದೇ ಮೊದಲು. "ಒಂದು ಗಂಟಿ ಹೊಡದಿದ್ರ ಅಂವ ಎದ್ದು ಬರ್ತಿದ್ದ, ಅಜ್ಜಾ," ಎಂದರು. "ಈ ಕಟ್ಟಡದಾಗ ಯಾರೂ ಹಂಗ ಹೋಗಬಾರದು. ನನಗ ಮತ್ತೇನೂ ಬ್ಯಾಡ."

ಅಜ್ಜ ಧೂಪದಾನಿಯ ಮುಚ್ಚಳ ಹಾಕಿದ. ಕೆಂಡ ಆರಲು ಬಿಟ್ಟು, ಸರಪಳಿಯನ್ನು ಮುಂಗೈಗೆ ಸುತ್ತಿಕೊಂಡ. "ಇದು ನನಗ ಗೊತ್ತಿರಲಿಲ್ಲ. ಇನ್ನ ನಾ ಬರೂದಿಲ್ಲ," ಎಂದು ಬಾಗಿಲ ಕಡೆಗೆ ತಿರುಗಿದ. ಅವನ ದನಿಯಲ್ಲಿ ಮುನಿಸು ಇರಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ.

ಆ ಮೂಗುಗಳನ್ನು ವಾರಕ್ಕೊಮ್ಮೆ ಹೊಗೆ ತೋರಿಸಿ ಪರೀಕ್ಷಿಸಬೇಕೆಂದು ಕಂಪನಿಯವನು ಹೇಳಿಹೋಗಿದ್ದ. ನಾನು ಬೀಡಿ ಹಚ್ಚಿ, ಕೋಲಿನ ತುದಿಗೆ ಕಟ್ಟಿ, ಮೂಗಿನ ಬುಡಕ್ಕೆ ಹಿಡಿದು ನೋಡುತ್ತಿದ್ದೆ; ಕವರು ಕಟ್ಟಿದ್ದ ವಾರ ಮಾತ್ರ ತಪ್ಪಿಸಿದ್ದೆ. ಪರೀಕ್ಷೆಯ ಮಾತನ್ನೇ ಎತ್ತಿದೆ. "ಪರೀಕ್ಷಾಕ್ಕ ಹೊಗಿ ಬೇಕ ಬೇಕು, ಸಾವಕಾರ್ರ. ಅದು ಅಜ್ಜನ ಹೊಗಿನೇ ಆಗಲಿ."

"ಯಾಕ? ನಿನ್ನ ಬೀಡಿ ಸಾಲದೇನು?"

"ಬೀಡಿ ಬುಡಕ್ಕ ಹಿಡದ್ರ ಎಂಥಾದೂ ಗಂಟಿ ಹೊಡೀತದ್ರಿ. ನೆಲದಾಗ ಹುಟ್ಟಿದ ಹೊಗಿ ಎತ್ತಾಗ ಹೊಕ್ಕದ, ಮೂಗಿಗೆ ಮುಟ್ಟತದೋ ಇಲ್ಲೋ, ಅದು ಲೋಬಾನಕ್ಕಷ್ಟೇ ತಿಳೀತದ."

ಸಾವಕಾರರು ಮುಷ್ಟಿಯಲ್ಲಿದ್ದ ಕವರನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ಎದ್ದು, "ಶುಕ್ರವಾರ, ಊಟ ಆದ ಮ್ಯಾಲೆ. ಎಲ್ಲಾರಿಗೂ ಹೇಳಿ ಮಾಡ್ರಿ," ಎಂದು ಮೆಟ್ಟಿಲು ಹತ್ತಿದರು.

ಹೀಗೆ ಫಕೀರನ ಸುತ್ತು ಮತ್ತೆ ಶುರುವಾಯಿತು. ಅವನು ಧೂಪದಾನಿಯನ್ನು ಅಂಗಡಿಯ ನೆಲದ ಮೇಲಿಟ್ಟು ಸರಿದು ನಿಲ್ಲುತ್ತಿದ್ದ. ಇಬ್ಬರೂ ತಲೆ ಮೇಲೆತ್ತಿ ಕಾಯುತ್ತಿದ್ದೆವು. ಗಂಟೆ ಹೊಡೆದರೆ, ಮೇಲಿನ ಕೋಣೆಯಲ್ಲಿ, ಯಾವ ಮೂಗು ಹೊಡೆಯಿತೆಂದು ತೋರಿಸುವ ದೀಪಗಳ ಹಲಗೆಯ ಮುಂದೆ ಕೂತ ಸಾವಕಾರರು "ಹತ್ತಿತು" ಎಂದು ಕೂಗಿ ನಿಲ್ಲಿಸುತ್ತಿದ್ದರು. ಅಜ್ಜ ಗಡ್ಡ ತೀಡಿಕೊಂಡು ಮುಂದಿನ ಅಂಗಡಿಗೆ ನಡೆಯುತ್ತಿದ್ದ. "ನಿನಗ ನಿಚ್ಚಣಿಕಿ ಬೇಕು, ನನ್ನ ಹೊಗಿಗೆ ಬ್ಯಾಡ," ಎಂದು ನನ್ನನ್ನು ಕಾಡುವುದು ಅವನಿಗೆ ಚಟವೇ ಆಯಿತು. ಕೊನೆಯಲ್ಲಿ ಸಾವಕಾರರು ಕೆಳಗಿಳಿದು, ಉಳಿದ ಹೊಗೆಯ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ವಿಭೂತಿಯ ಹಣೆಯ ಮೇಲೆ ಅಜ್ಜ ಹಗುರಾಗಿ ನವಿಲುಗರಿ ಆಡಿಸುತ್ತಿದ್ದ. ಧೂಪ ಬಿಟ್ಟ ಮನುಷ್ಯನಿಗೆ ವಾರದ ಧೂಪ ಅಷ್ಟೇ.

ಮೇಲಂತಸ್ತಿನಲ್ಲಿ ಹತ್ತಿ ದಲಾಲರ ದಾಸ್ತಾನು ಕೋಣೆ ಇತ್ತು. ಮೊದಲ ಶುಕ್ರವಾರ ಅಲ್ಲಿ ಎಷ್ಟು ಕಾದರೂ ಗಂಟೆ ಹೊಡೆಯಲಿಲ್ಲ. ಬೀಡಿಗೆ ಮಾತ್ರ ಪ್ರತಿಸಲವೂ ಹೊಡೆದಿತ್ತು. ಲೋಬಾನದ ಹೊಗೆ ನೆಟ್ಟಗೆ ಏರಿ, ಛತ್ತಿನ ತೊಲೆಗೆ ತಾಗಿ ಮಡಚಿಕೊಂಡು, ಮೂಗಿನ ತಂಟೆಗೇ ಹೋಗದೆ ಬಾಗಿಲ ಕಡೆಗೆ ಹರಿದು ಹೋಗುತ್ತಿತ್ತು. ನಾವಿಬ್ಬರೂ ಅದರ ಹಿಂದೆಯೇ ನಡೆದೆವು. ಅದು ತೊಲೆಯ ಈಚೆಗೆ ಎಲ್ಲಿ ದಟ್ಟವಾಗಿ ನಿಂತಿತೋ ಅಲ್ಲಿ ನಾನು ಗುರುತು ಹಾಕಿ, ಸಂಜೆಯೊಳಗೆ ಮೂಗನ್ನು ಅಲ್ಲಿಗೆ ಸರಿಸಿದೆ.

ಮುಂದಿನ ಬೇಸಿಗೆಯಲ್ಲಿ ಒಂದು ಮಂಗಳವಾರ ಗಂಟೆ ಹೊಡೆಯಿತು. ಶುಕ್ರವಾರದ ಗಂಟೆಗೆ ಯಾರೂ ತಲೆ ಸಹ ಎತ್ತುತ್ತಿರಲಿಲ್ಲ. ಆದರೆ ಮಂಗಳವಾರ? ಬಟ್ಟೆ ಅಂಗಡಿಯವನು ಅಳೆಯುತ್ತಿದ್ದ ಗಜಕೋಲನ್ನು ಅಲ್ಲೇ ಬಿಟ್ಟು ಓಡಿದ. ಖಾನಾವಳಿ ಅಕ್ಕ ಕೊಡ ಎತ್ತಿಕೊಂಡೇ ಮೆಟ್ಟಿಲು ಹತ್ತಿದಳು. ದಾಸ್ತಾನು ಕೋಣೆಯಲ್ಲಿ ಒಂದು ಅಂಡಿಗೆ ಒಳಗೊಳಗೇ ಕಮರುತ್ತಿತ್ತು. ಅದರ ಹಿಂದೆ ಗೋಡೆಗೆ ಒರಗಿ ದಲಾಲರ ಹಮಾಲ ಊಟದ ನಿದ್ದೆಯಲ್ಲಿದ್ದ, ಗಂಟೆಗೆ ಎದ್ದು ದಾರಿ ಕಾಣದೆ ತಡವರಿಸುತ್ತಿದ್ದ. ಅವನನ್ನು ಹೊರಗೆಳೆದು ಮೆಟ್ಟಿಲ ಮೇಲೆ ಕೂಡಿಸಿದೆವು. ಸಾವಕಾರರು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವನ ಎರಡೂ ಕೈ ಹಿಡಿದುಕೊಂಡು, ಎಲ್ಲರ ಎದುರಿಗೇ ಅತ್ತರು.

ಶುಕ್ರವಾರ ಅಜ್ಜನಿಗೆ ಎಲ್ಲ ಹೇಳಿದೆವು. ಅವನು ಆ ಕೋಣೆಗೆ ಹೋಗಿ ಸರಿಸಿದ್ದ ಮೂಗನ್ನು ನೋಡಿದ. ಅಂದು ಅಲ್ಲಿ ಮಾತ್ರ ಒಂದು ಚಿಟಿಕೆ ಲೋಬಾನ ಹೆಚ್ಚಿಗೆ ಹಾಕಿದ.

ಹೀಗೆ ಎಷ್ಟು ಕಾಲ ನಡೆಯಿತೋ... ದಶಕ ಮುಗಿಯುತ್ತ ಬಂದಿತ್ತು. ಒಂದು ಶುಕ್ರವಾರ ಊಟದ ಹೊತ್ತು ಕಳೆಯಿತು. ಖಾನಾವಳಿ ಅಕ್ಕ ಅಜ್ಜನಿಗೆಂದು ತೆಗೆದಿಟ್ಟ ಕೆಂಡ ಬೂದಿ ಹಿಡಿಯಿತು. ಬಟ್ಟೆ ಅಂಗಡಿಯವನು ಗಲ್ಲೆ ಬಿಟ್ಟು ಎದ್ದು ಬಾಗಿಲಿಗೆ ಬಂದ. ಮೇಲಿನಿಂದ ದಲಾಲರು ಇಳಿದರು, ಹಮಾಲ ಇಳಿದ. ಕೊನೆಗೆ ಸಾವಕಾರರೂ ಬಂದು ಮೆಟ್ಟಿಲ ಮೇಲೆ ನಿಂತರು. ಯಾರೂ ಯಾರನ್ನೂ ಕರೆದಿರಲಿಲ್ಲ. ಗಂಟೆ ಹೊಡೆದಾಗ ಹೊರಗೆ ಓಡಿ ಬರಬೇಕಾದ ಜನ, ಅಂದು ಅದು ಹೊಡೆಯಲಿಲ್ಲವೆಂದು ಬೀದಿಗೆ ಬಂದು ಯರಗೇರಾ ದಾರಿ ನೋಡುತ್ತ ನಿಂತಿದ್ದೆವು. ಸಂಜೆಯ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಬೆಳಗಿನ ನಮಾಜಿಗೆ ಎದ್ದವನು ಹಾಗೇ ಹೋಗಿಬಿಟ್ಟಿದ್ದ.

ಮರುವಾರ ನಾನೇ ಲೋಬಾನ ತಂದು ಹಾಕಿದೆ. ಗಂಟೆ ಹೊಡೆಯಿತು. ಮೇಲಿನಿಂದ "ಹತ್ತಿತು" ಎಂಬ ಕೂಗು ಬರಲಿಲ್ಲ. ಮೆಟ್ಟಿಲು ಹತ್ತಿ ನೋಡಿದರೆ ಸಾವಕಾರರು ಹಲಗೆಯ ಮುಂದೆಯೇ ಇದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಗಂಟೆಯನ್ನು ನಾನೇ ನಿಲ್ಲಿಸಿದೆ.

ಆಮೇಲೆ ಹೊಸ ಮೂಗುಗಳು ಬಂದವು. ಈಗಿನವಕ್ಕೆ ಒಂದು ಗುಂಡಿ ಇರುತ್ತದೆ, ಒತ್ತಿದರೆ ಗಂಟೆ ಹೊಡೆಯುತ್ತದೆ. ಹೊಗೆ ಎಲ್ಲಿಂದ ಏರಿ ಎಲ್ಲಿಗೆ ಹೋಗುತ್ತದೆಂದು ತಲೆ ಎತ್ತಿ ನೋಡುತ್ತ ನಿಲ್ಲುವವರು ಇಲ್ಲ. ಹಳೆಯವನ್ನು ಇಳಿಸಿದ ದಿನ ದಾಸ್ತಾನು ಕೋಣೆಯದನ್ನು ಮಾತ್ರ ಕೇಳಿ ಮನೆಗೆ ತಂದಿದ್ದೆ.

ಇಷ್ಟನ್ನೂ ಹೇಳಿದ ಮೇಲೆ ಸೊಸೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸಲು ಹೋದಳು. ಒರೆಸಬೇಡವ್ವ ಎಂದು ತಡೆದೆ. ಈಗ ಅದು ನನ್ನ ಮಂಚದ ಪಕ್ಕದ ಕಿಟಕಿಯಲ್ಲಿದೆ. ದಿನಾ ಒಮ್ಮೆ ಎತ್ತಿ ಮೂಸುತ್ತೇನೆ. ಇವತ್ತು ಬೆಳಿಗ್ಗೆ ಮೂಸಿದಾಗ ಬರೀ ಪ್ಲಾಸ್ಟಿಕ್ಕಿನ ವಾಸನೆ. ಲೋಬಾನ ಮುಗಿದುಹೋಯಿತೋ, ನನ್ನ ಮೂಗೇ ಕೆಟ್ಟಿತೋ ತಿಳಿಯದೆ ಸೊಸೆಯ ಕೈಗೆ ಕೊಟ್ಟೆ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದಳು. ನನ್ನ ಮುಖ ನೋಡಿ, ಬರಾಕತ್ತದ್ರಿ ಎಂದಳು. ಸುಳ್ಳು ಹೇಳುತ್ತಿದ್ದಾಳೆಂದು ನನಗೆ ಗೊತ್ತಾಯಿತು.