ದೋಣಿಗೆ ಗಾಲಿ ಕಟ್ಟಿದ ಸಾಬರು

ಮೊನ್ನೆ ನಮ್ಮ ಮನೆಯ ಗೇಟು ಸರಿಮಾಡಲು ಬಂದವನು ಗ್ರೀಸಿನ ಡಬ್ಬಿಯ ಮುಚ್ಚಳ ತೆಗೆದು ಜಗಲಿಯ ಮೇಲಿಟ್ಟ. ಆ ಕಪ್ಪು ಜಿಡ್ಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಮೊರ ಕೆಳಗಿಟ್ಟೆ. ಮದ್ದೂರಿನಲ್ಲಿ ಮಳವಳ್ಳಿ ರಸ್ತೆ ತಿರುಗುವ ಕಡೆ ಇದ್ದ ತಗಡಿನ ಶೆಡ್ಡು, ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಗಾಲಿ ತಿರುಗಿಸಿ, ಅದರ ಸದ್ದಿಗೆ ಕಿವಿಗೊಡುತ್ತಿದ್ದ ಒಬ್ಬರು… ಐವತ್ತು ವರ್ಷದ ಮೇಲಾಯಿತು.

ಅದು ಎರಡನೇ ಮಹಾಯುದ್ಧದ ಕಾಲ. ನಾನು ಮಳವಳ್ಳಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಹೆರಿಗೆ ನರ್ಸಾಗಿದ್ದೆ. ಕಾವೇರಿಯ ಆಚೆ ಮೂರು ಹಳ್ಳಿಗಳಿದ್ದವು, ದಾಟಲು ಇದ್ದದ್ದು ಒಂದು ಹರಿಗೋಲು. ಹೊಳೆ ತುಂಬಿದರೆ ಹರಿಗೋಲಿನವರು ನೀರಿಗಿಳಿಯುತ್ತಿರಲಿಲ್ಲ. ಅವರನ್ನು ತಪ್ಪೆನ್ನಲಾರೆ; ಸುಳಿಗೆ ಸಿಕ್ಕರೆ ಹರಿಗೋಲು ಬುಗುರಿಯಂತೆ ತಿರುಗುತ್ತಿತ್ತು. ಒಂದು ಆಷಾಢದಲ್ಲಿ ಆಚೆ ದಡದಿಂದ ಒಬ್ಬ ಗಂಡಸು ಟವಲು ಬೀಸಿ ಬೀಸಿ ನನ್ನನ್ನು ಕರೆದ. ಅವನ ಹೆಂಡತಿಗೆ ಎರಡು ದಿನದಿಂದ ಹೆರಿಗೆ ಬೇನೆ. ನಾನು ಚೀಲ ಹಿಡಿದು ಈಚೆ ದಡದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತೆ. ಆಮೇಲೆ ಯಾರೋ ಬಂದು ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ಟವಲು ಬೀಸುವುದನ್ನು ನಿಲ್ಲಿಸಿ ಮರಳಿನ ಮೇಲೆ ಕುಳಿತುಬಿಟ್ಟ.

ಮುಂದಿನ ಮಳೆಗಾಲದೊಳಗೆ ಒಂದು ಗಟ್ಟಿ ದೋಣಿ ತರಿಸದೆ ಬಿಡುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿದೆ. ಕಂಡಕಂಡವರನ್ನು ಕೇಳಿದೆ. ಕೊನೆಗೆ ಮದ್ದೂರಿನ ಜಮೀನುದಾರರೊಬ್ಬರು, ಕೆರೆಯಲ್ಲಿ ವಿಹಾರಕ್ಕೆಂದು ಮಾಡಿಸಿ ಬಿಟ್ಟಿದ್ದ ಮರದ ದೋಣಿಯನ್ನು ಕೊಡಲು ಒಪ್ಪಿದರು. ಹುಟ್ಟು ಹಾಕಲು ನಾಲ್ಕು ಜನ ಕೂರಬಹುದಾದ ದೊಡ್ಡ ದೋಣಿ. ಆದರೆ ಅದನ್ನು ಮದ್ದೂರಿನಿಂದ ಮಳವಳ್ಳಿ ದಾಟಿಸಿ ಹೊಳೆಯವರೆಗೆ ಒಯ್ಯುವುದು ಹೇಗೆ? ಎತ್ತಿನ ಗಾಡಿಯವರು ಅದರ ಉದ್ದ ನೋಡಿಯೇ ಕೈಮುಗಿದರು. ಆಗ ಯಾರೋ ಸಾಬರ ಶೆಡ್ಡು ತೋರಿಸಿದರು.

ಐವತ್ತರ ಆಸುಪಾಸಿನ, ಬಡಕಲು ಮೈಯ ಮನುಷ್ಯ. ಗಾಡಿಯ ಅಚ್ಚು, ಮೋಟಾರಿನ ಗಾಲಿ, ನೇಗಿಲ ಗುಳ, ಎಲ್ಲ ರಿಪೇರಿಯೂ ಅವರದೇ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಕೆರೆಯ ಹತ್ತಿರ ಬಂದು, ದೋಣಿಯ ಸುತ್ತ ಎರಡು ಸಲ ನಡೆದರು.

"ಒಂದು ವಾರ ಬೇಕು ಕಣಮ್ಮ" ಎಂದರು.

ಮಾರನೆಯ ದಿನ ಹೋದರೆ ಶೆಡ್ಡಿಗೆ ಬೀಗ. ಕೆಲಸ ಒಪ್ಪಿಕೊಂಡು ತಪ್ಪಿಸಿಕೊಂಡರೇನೋ ಎಂದು ಸಿಟ್ಟಾಯಿತು. ಸಂಜೆ ಮೈಯೆಲ್ಲ ಧೂಳು ಮಾಡಿಕೊಂಡು ಸೈಕಲ್ಲಿನಲ್ಲಿ ಬಂದರು. ಹೊಳೆಯವರೆಗೂ ಹೋಗಿ ಬಂದಿದ್ದರು.

"ದೋಣಿ ಎಷ್ಟುದ್ದ ಅಂತ ನೋಡ್ದೆ. ದಾರಿ ಎಂಗೈತೆ ಅಂತ ನೋಡ್ಬ್ಯಾಡ್ವಾ?"

ಯಾವ ಮೋರಿಯ ಹತ್ತಿರ ರಸ್ತೆ ಕಿರಿದು, ಎಲ್ಲಿ ಆಲದ ಕೊಂಬೆ ತಗ್ಗಿದೆ, ಎಲ್ಲಿ ಇಳಿಜಾರು… ಎಲ್ಲ ಅವರ ತಲೆಯಲ್ಲಿತ್ತು.

ಮುರಿದ ಕಾರೊಂದರ ಅಚ್ಚನ್ನೂ ಎರಡು ಗಾಲಿಗಳನ್ನೂ ತಂದು, ಮರದ ಚೌಕಟ್ಟು ಕಟ್ಟಿ, ಎಳೆಯಲು ಮುಂದಕ್ಕೊಂದು ಮೂಕಿಮರ ಜೋಡಿಸಿದರು. ದೋಣಿಯನ್ನು ಹತ್ತು ಆಳುಗಳಿಂದ ಎತ್ತಿಸಿ ಅದರ ಮೇಲಿಟ್ಟು, ಮತ್ತೆ ಎತ್ತಿಸಿ ಒಂದು ಗೇಣು ಮುಂದಕ್ಕೆ ಸರಿಸಿದರು. ಭಾರ ಹಿಂದಾದರೆ ಬಾಲ ಆಡಿಸುತ್ತದೆ, ತೀರ ಮುಂದಾದರೆ ಮೂಕಿ ಮುರಿಯುತ್ತದೆ ಎನ್ನುತ್ತಿದ್ದರು. ಹಗ್ಗ ಉಜ್ಜುವ ಕಡೆಯೆಲ್ಲ ಗೋಣಿತಾಟು ಸುತ್ತಿದರು. ಬಿಸಿಲಿಗೆ ಹಲಗೆ ಒಣಗಿ ಸಂದು ಬಿಡಬಾರದೆಂದು ಒಳಗೂ ಒದ್ದೆ ಗೋಣಿ ಹಾಸಿ, ಹೊತ್ತು ಹೊತ್ತಿಗೆ ನೀರು ಚಿಮುಕಿಸುತ್ತಿದ್ದರು.

ಎಳೆಯಲು ಒಪ್ಪಿದ್ದವನು ಕೊತ್ತತ್ತಿಯ ಲಾರಿ ಡ್ರೈವರ್. ಪೆಟ್ರೋಲು ಸಿಗದ ಕಾಲವಾದ್ದರಿಂದ ಅವನ ಲಾರಿ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಲ್ಲಿ ಓಡುತ್ತಿತ್ತು. ಉಪ್ಪಿನ ಮೂಟೆ ಹೇರಿಕೊಂಡು ಮಳವಳ್ಳಿ ಕಡೆ ಹೊರಟಿದ್ದವನು ಹೇಳಿದ ದಿನ ಬೆಳಿಗ್ಗೆಯೇ ಬಂದ. ಸಾಬರು ಕೊನೆಯ ಸಲ ಒಂದೊಂದೇ ಗಾಲಿ ಎತ್ತಿ ತಿರುಗಿಸಿದರು. ಎಡಬದಿಯ ಗಾಲಿಗೆ ಕಿವಿಯಿಟ್ಟವರು ಏಳಲೇ ಇಲ್ಲ.

"ಬೇರಿಂಗಿನಾಗೆ ಒಂದು ಗುಂಡು ಒಡದೈತೆ. ಇವತ್ತು ಓಗಂಗಿಲ್ಲ."

"ಏನ್ ಸಾಬ್ರೇ, ಮದುವೆ ಎಣ್ ನೋಡ್ದಂಗೆ ನೋಡ್ತಿದ್ದೀರಲ್ಲ. ನಾನು ಇವತ್ತು ಬುಟ್ರೆ ಬರದು ಮುಂದಿನ ವಾರಕ್ಕೇ" ಎಂದ ಡ್ರೈವರ್.

ಕೊಡಗಿನಲ್ಲಿ ಮಳೆ ಹಿಡಿದಿದೆ ಎಂಬ ಸುದ್ದಿ ಬಂದಿತ್ತು. ಇನ್ನೊಂದು ವಾರವೆಂದರೆ ಹೊಳೆ ಏರುತ್ತಿತ್ತು. ನನಗೂ ತಡೆಯಲಾಗಲಿಲ್ಲ.

"ಸಾಬ್ರೇ, ನಿಧಾನವಾಗಿ ಹೋದರಾಯಿತು. ಹೊರಟುಬಿಡೋಣ."

ಅವರು ಕೈ ಒರೆಸಿಕೊಂಡು ಎದ್ದು ನಿಂತರು. ದನಿ ಏರಿಸಲಿಲ್ಲ.

"ನರ್ಸಮ್ಮಾರೆ, ದಾರೀಲಿ ಗಾಲಿ ಕಳಚ್ಕಂಡ್ರೆ ಈ ದೋಣಿ ಯಾರ ಮೇಲೆ ಬೀಳ್ತದೆ ಅಂತ ನೀವೇ ಯೋಳಿ. ಜೀವ ಉಳ್ಸಕ್ಕೆ ಒಂಟಿರೋದು ನಾವು. ತಗೀಯಕ್ಕಲ್ಲ."

ಅವರು ಡ್ರೈವರ್ ಕಡೆ ತಿರುಗಿದರು. "ನಿನ್ ಒಲೇಲಿ ಬೂದಿ ಕಟ್ಕಂಡು ದಿಬ್ಬ ಅತ್ತಕ್ಕಾಯ್ತಿಲ್ಲ ಅಂತಿದ್ದಲ್ಲ? ನಾಳೆ ಬೆಳಿಗ್ಗೆ ಗಂಟ ನಿಲ್ಲು. ಅದ್ನೂ ಸರಿಮಾಡ್ಕೊಡ್ತೀನಿ. ಬತ್ತೀನಿ ಇರು."

ಸೈಕಲ್ ಹತ್ತಿ ಮಂಡ್ಯಕ್ಕೆ ಹೋದರು. ಸಂಜೆಯ ಹೊತ್ತಿಗೆ ಗುಜರಿಯವನ ಹತ್ತಿರ ಹುಡುಕಿದ ಬೇರಿಂಗನ್ನು ಟವಲಿನಲ್ಲಿ ಸುತ್ತಿಕೊಂಡು ಬಂದರು. ಅದನ್ನು ಕೂರಿಸಿದ ಮೇಲೆ ಲಾರಿಯ ಒಲೆಗೆ ಕೈಹಾಕಿದರು. ಡ್ರೈವರ್ ಗೊಣಗುತ್ತಲೇ ಅವರ ಪಕ್ಕ ಕುಳಿತು ಬೂದಿ ತೋಡಿದ.

ಮಾರನೆಯ ದಿನ ಬೆಳಗಾಗುತ್ತಲೇ ಹೊರಟೆವು. ನಾನು ಡ್ರೈವರ್ ಪಕ್ಕದಲ್ಲಿ. ಸಾಬರು ಲಾರಿಯ ಹಿಂಭಾಗದಲ್ಲಿ ದೋಣಿಯ ಕಡೆಗೇ ಮುಖ ಮಾಡಿ ಕುಳಿತರು. ನಮ್ಮ ತಲೆಯ ಹತ್ತಿರ ಎತ್ತಿನ ಕೊರಳ ಗಂಟೆಯೊಂದನ್ನು ತೂಗುಹಾಕಿ, ಅದರ ದಾರವನ್ನು ಹಿಂದಕ್ಕೆ ಎಳೆದುಕೊಂಡಿದ್ದರು. ಒಂದು ಸಲ ಎಳೆದರೆ ನಿಧಾನ, ಎರಡು ಸಲ ಎಳೆದರೆ ನಿಲ್ಲು. ಎರಡು ಮೂರು ಮೈಲಿಗೊಮ್ಮೆ ನಿಲ್ಲಿಸಿ, ಇಳಿದು, ಗಾಲಿಯ ನಡುವೆ ಅಂಗೈ ಇಡುತ್ತಿದ್ದರು. "ಕೈ ಇಟ್ಕಳ್ಳಕ್ಕಾಯ್ತದೆ. ನಡಿ" ಎನ್ನುತ್ತಿದ್ದರು. ಹಗ್ಗಗಳನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದರು. ಮಳವಳ್ಳಿ ತಲುಪುವಷ್ಟರಲ್ಲಿ ಡ್ರೈವರನೇ ಇಳಿದು ಇನ್ನೊಂದು ಗಾಲಿ ಮುಟ್ಟಿ ನೋಡತೊಡಗಿದ್ದ.

ಮಳವಳ್ಳಿಯಲ್ಲಿ ಉಪ್ಪು ಇಳಿಸಿ ಮುಂದೆ ಹೊಳೆಯ ಕಡೆ ಹೋಗುವಾಗ, ಇಳಿಜಾರಿನಲ್ಲಿ ಗಂಟೆ ಒಂದೇ ಸಮನೆ ಬಡಿದುಕೊಂಡಿತು. ಲಾರಿಗೂ ಮೂಕಿಗೂ ಹಾಕಿದ್ದ ಕಬ್ಬಿಣದ ಕೀಲು ತುಂಡಾಗಿತ್ತು. ಆದರೆ ಸಾಬರು ಕೀಲೊಂದನ್ನೇ ನಂಬಿರಲಿಲ್ಲ. ಎರಡೂ ಪಕ್ಕ ಸರಪಳಿ ಹಾಕಿದ್ದರು. ಲಾರಿಯ ಹಿಂದೆ ಹುಲ್ಲು ತುಂಬಿದ ಚೀಲಗಳನ್ನೂ ಕಟ್ಟಿದ್ದರು. ಡ್ರೈವರ್ ಮೆಲ್ಲಗೆ ಬ್ರೇಕು ಒತ್ತಿದ. ಮೂಕಿ ಬಂದು ಆ ಚೀಲಗಳಿಗೆ ಗುದ್ದಿ, ನರಳಿದ ಹಾಗೆ ಸದ್ದು ಮಾಡಿ ನಿಂತಿತು. ರಸ್ತೆಯ ಕೆಳಗೆ, ಕೂಗಳತೆಯಲ್ಲಿ, ಹೆಂಗಸರು ಗದ್ದೆಯ ಕೆಲಸ ಮುಗಿಸಿ ಸಾಲಾಗಿ ಬರುತ್ತಿದ್ದರು.

ಸಾಬರು ಅಷ್ಟರಲ್ಲೇ ಧುಮುಕಿ ಗಾಲಿಗೆ ಅಡ್ಡಗಲ್ಲು ಕೊಡುತ್ತಿದ್ದರು. ಕಲ್ಲಿಗೂ ಟೈರಿಗೂ ನಡುವೆ ಸಿಕ್ಕಿ ಅವರ ಎರಡು ಬೆರಳು ಜಜ್ಜಿಹೋದವು. ನಾನು ಚೀಲ ತೆಗೆದು ಬಿದಿರಿನ ಸೀಳು ಇಟ್ಟು ಬಟ್ಟೆ ಕಟ್ಟಿದೆ. ಮಳವಳ್ಳಿ ಆಸ್ಪತ್ರೆಗೆ ಹಿಂತಿರುಗೋಣ ಎಂದೆ.

"ಇನ್ನೊಂದು ಕೀಲು ತಂದಿವ್ನಿ. ಮೊದ್ಲು ಅದು" ಎಂದರು. ಎಡಗೈಯಿಂದ ತೋರಿಸುತ್ತ ಹೋದರು, ಡ್ರೈವರ್ ಕೀಲು ಹಾಕಿದ.

ಬಿಸಿಲು ಇಳಿಯುವ ಹೊತ್ತಿಗೆ ಹೊಳೆ ಸೇರಿದೆವು. ಊರವರು ದೋಣಿಯನ್ನು ನೀರಿಗೆ ಇಳಿಸಿದರು. ಸಂದಿಯಲ್ಲಿ ಒಂದು ಹನಿಯೂ ಜಿನುಗಲಿಲ್ಲ. ಎಲ್ಲರೂ ಹತ್ತಿದರು. ಸಾಬರು ಮಾತ್ರ ಮರಳಿನ ಮೇಲೆ ಹಿಂದೆ ಹಿಂದೆ ಸರಿದು ನಿಂತರು. ಕರೆದರೆ ತಲೆಯಾಡಿಸಿದರು.

"ನಂಗೆ ನೀರು ಅಂದ್ರೆ ಭಯ ಕಣಮ್ಮ. ನೀವು ಓಗ್ಬನ್ನಿ."

ಆ ಮಳೆಗಾಲದಲ್ಲೇ, ಹೊಳೆ ಎರಡೂ ದಡ ಮುಟ್ಟಿ ಹರಿಯುವಾಗ, ಆಚೆಯಿಂದ ಮತ್ತೆ ಟವಲು ಬೀಸಿದರು. ನಾಲ್ವರು ಹುಟ್ಟು ಹಾಕಿದರು. ದೋಣಿ ಓರೆಯಾಗಿ ಬಹಳ ದೂರ ಕೆಳಕ್ಕೆ ಹೋದರೂ ಆಚೆ ದಡ ಹಿಡಿಯಿತು. ತಾಯಿಯೂ ಮಗುವೂ ಉಳಿದರು. ಇದನ್ನು ಸಾಬರಿಗೆ ಹೇಳಬೇಕು ಎಂದುಕೊಂಡೆ. ಕಾಗದ ಬರೆದರೆ ಅವರಿಗೆ ಓದಲು ಬರುತ್ತಿರಲಿಲ್ಲ. ಎದುರಿಗೇ ಹೇಳೋಣ ಎಂದುಕೊಂಡೆ. ಇವತ್ತು, ನಾಳೆ… ಹೆರಿಗೆಗಳು ಮುಗಿಯುವುದುಂಟೇ.

ಸ್ವಾತಂತ್ರ್ಯ ಬಂದ ವರ್ಷ ವರ್ಗವಾಗಿ ಹೊರಟಾಗ ಮದ್ದೂರಿನಲ್ಲಿ ಇಳಿದೆ. ಶೆಡ್ಡು ಬೇರೆಯವರ ಕೈಯಲ್ಲಿತ್ತು. ಸಾಬರು ಹಿಂದಿನ ಬೇಸಿಗೆಯಲ್ಲಿ ಜ್ವರ ಬಂದು ಹೋಗಿಬಿಟ್ಟರಂತೆ. ಅವರ ಹೆಂಡತಿಯನ್ನು ಹುಡುಕಿಕೊಂಡು ಹೋಗಿ, ಹೊಸಿಲ ಹತ್ತಿರ ಕುಳಿತು ಎಲ್ಲ ಹೇಳಿದೆ.

"ಆ ಕಡೆಯಿಂದ ಬರೋ ಲಾರಿಯೋರ್ನೆಲ್ಲ ಕೇಳೋರು, ದೋಣಿ ತೇಲ್ತಾ ಐತಾ ಅಂತ" ಎಂದರು ಆಕೆ. ಆಮೇಲೆ ಕೇಳಿದರು: "ಮಗು ಎಣ್ಣಾ, ಗಂಡಾ?"

"ಹೆಣ್ಣು" ಎಂದೆ.

ಆ ಹುಡುಗಿಗೆ ಈಗ ಮೊಮ್ಮಕ್ಕಳಿದ್ದಾರೆ. ಹೋದ ವರ್ಷ ನನ್ನನ್ನು ನೋಡಲು ಬಂದಿದ್ದಳು. ದೋಣಿ ತಂದವರು ಯಾರು, ಅವರ ಹೆಸರೇನು ಎಂದು ಕೇಳಿದಳು. ಮದ್ದೂರಿನಲ್ಲಿ ಎಲ್ಲರೂ ಸಾಬ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹೆಂಡತಿಯ ಎದುರು ಕುಳಿತಾಗಲೂ ಹೆಸರು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಈಗ ಕೇಳೋಣವೆಂದರೆ ಆಕೆಯೂ ಇಲ್ಲ…